ವಲಸಿಗರು, ಗಡಿ ಕಾನೂನು ಮತ್ತು ಕಥೋಲಿಕ ನಂಬಿಕೆ: ಕಾಸರಗೋಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಗಡೀಪಾರು ನಡೆಯುತ್ತಿರುವ ಸುದ್ದಿ ಬಂದಾಗಲೆಲ್ಲ ಮಂಜೇಶ್ವರ, ಕಯ್ಯಾರ್, ಬೇಳ, ವರ್ಕಾಡಿ ಕಡೆಯ ಕಥೋಲಿಕ ಮನೆಗಳಲ್ಲಿ ಚರ್ಚೆ ಆರಂಭವಾಗುತ್ತದೆ. ಪೋಪ್ ಹೇಳಿದ್ದು ಸರಿಯೇ, ಬಿಷಪರಿಗೆ ರಾಜಕೀಯ ಏಕೆ, ನಮ್ಮೂರಿನ ಬಂಗಾಳಿ ಕಾರ್ಮಿಕರ ಕಥೆಯೇನು ಎಂದು ಮಾತು ಸಾಗುತ್ತದೆ. ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲೂ ವಾಳೆಯ (ಚರ್ಚಿನ ವ್ಯಾಪ್ತಿಯ ಮನೆಗಳ ಗುಂಪಿನ) ಸಭೆಗಳಲ್ಲೂ ಕೇಳಿಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ. ನಾನು ಧರ್ಮಗುರುವಲ್ಲ, ಇದೇ ಮಂಗಳೂರು ಧರ್ಮಪ್ರಾಂತ್ಯದ (ಬಿಷಪರ ಆಡಳಿತ ವ್ಯಾಪ್ತಿಯ) ಸಾಮಾನ್ಯ ವಿಶ್ವಾಸಿ.

ಅಮೆರಿಕದ ಗಡೀಪಾರು ಅಮೆರಿಕದವರ ವಿಷಯ. ಕಾಸರಗೋಡಿನಲ್ಲಿ ಕೂತು ನಾವು ಏಕೆ ತಲೆ ಕೆಡಿಸಿಕೊಳ್ಳಬೇಕು?

2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಭಾರತೀಯರನ್ನು ಅಮೃತಸರದಲ್ಲಿ ಇಳಿಸಿತು. ದಾರಿಯುದ್ದಕ್ಕೂ ಅವರ ಕೈಗೆ ಕೋಳ, ಕಾಲಿಗೆ ಸರಪಳಿ ಇದ್ದವು. ಅವರಲ್ಲಿ ಹೆಚ್ಚಿನವರು ಪಂಜಾಬ್, ಹರಿಯಾಣ, ಗುಜರಾತಿನವರು. ಊರು ಬೇರೆಯಾದರೂ ಪರದೇಶದಲ್ಲಿ ಕಾಗದಪತ್ರವಿಲ್ಲದೆ ಸಿಕ್ಕಿಬಿದ್ದವನ ಪಾಡು ಕಾಸರಗೋಡಿಗೆ ಹೊಸದಲ್ಲ. ಗಲ್ಫಿಗೆ ಯಾರೂ ಹೋಗದ ಮನೆಯನ್ನು ಇಲ್ಲಿ ಹುಡುಕಿ ತೆಗೆಯಬೇಕು.

ಇನ್ನೊಂದು ಕಾರಣವೂ ಇದೆ. 1956ರಿಂದ ನಾವು ಒಂದು ಗಡಿಯ ಪಕ್ಕದಲ್ಲಿ ಬದುಕುತ್ತಿದ್ದೇವೆ. ನಮ್ಮ ಬಿಷಪರು ಮಂಗಳೂರಿನಲ್ಲಿದ್ದಾರೆ, ನಮ್ಮ ಕಲೆಕ್ಟರು ಕಾಸರಗೋಡಿನಲ್ಲಿದ್ದಾರೆ. ಒಂದೇ ಧರ್ಮಪ್ರಾಂತ್ಯದ ನಡುವೆ ರಾಜ್ಯದ ಗಡಿ ಹಾದುಹೋಗುತ್ತದೆ. ದಿನನಿತ್ಯ ಅದು ಕಣ್ಣಿಗೆ ಬೀಳುವುದಿಲ್ಲ, ಬಸ್ ಹತ್ತಿದರೆ ತಲಪಾಡಿ ದಾಟಿ ಹೋಗುತ್ತೇವೆ. ಆದರೆ 2020ರ ಮಾರ್ಚಿನಲ್ಲಿ ಕೊರೊನಾ ಕಾಲದಲ್ಲಿ ಅದೇ ದಾರಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿದರು. ಹತ್ತಿರದ ದೊಡ್ಡ ಆಸ್ಪತ್ರೆಗಳೆಲ್ಲ ಮಂಗಳೂರಿನಲ್ಲಿದ್ದುದರಿಂದ ಆಂಬುಲೆನ್ಸುಗಳು ತಲಪಾಡಿಯಿಂದ ಹಿಂದಿರುಗಿದವು. ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರೆಂದು ಪತ್ರಿಕೆಗಳು ಬರೆದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಆದೇಶ ನೀಡಿತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಸೋಂಕು ತಡೆಯಬೇಕೆಂಬ ಸರ್ಕಾರದ ಉದ್ದೇಶದಲ್ಲಿ ತಪ್ಪಿರಲಿಲ್ಲ. ಆದರೆ ಡಯಾಲಿಸಿಸ್‌ಗೆ ಹೊರಟ ರೋಗಿಯೂ ಸುಮ್ಮನೆ ಅಡ್ಡಾಡಲು ಹೊರಟವನೂ ಆ ತಡೆಗೆ ಒಂದೇ ಆಗಿ ಕಂಡರು. ಕಾನೂನು ಜಾರಿಯ ಬಗ್ಗೆ ಚರ್ಚ್ ಎತ್ತುವ ಪ್ರಶ್ನೆ ಏನೆಂದು ನಮಗಾದರೂ ಅರ್ಥವಾಗಬೇಕು.

ಹಾಗಾದರೆ ಗಡಿಯೇ ಬೇಡ ಎನ್ನುವುದು ಚರ್ಚಿನ ನಿಲುವೇ?

ಅಲ್ಲ. ಇದು ಎಲ್ಲಕ್ಕಿಂತ ಹೆಚ್ಚು ಹಬ್ಬಿರುವ ತಪ್ಪು ತಿಳುವಳಿಕೆ.

ಕಥೋಲಿಕ ಧರ್ಮೋಪದೇಶ ಗ್ರಂಥದ 2241ನೇ ಪರಿಚ್ಛೇದವನ್ನು ಓದಿದರೆ ಸಾಕು. ಸ್ವಂತ ದೇಶದಲ್ಲಿ ಬದುಕಿನ ಭದ್ರತೆಯೂ ಜೀವನೋಪಾಯವೂ ಸಿಗದೆ ಬರುವವರನ್ನು ಅನುಕೂಲಸ್ಥ ದೇಶಗಳು ತಮ್ಮ ಶಕ್ತಿಗೆ ತಕ್ಕಂತೆ ಸ್ವಾಗತಿಸಬೇಕು ಎನ್ನುತ್ತದೆ ಅದು. ಸಮಾಜದ ಒಳಿತಿಗಾಗಿ ಸರ್ಕಾರಗಳು ವಲಸೆಗೆ ಕಾನೂನಿನ ಷರತ್ತು ಹಾಕಬಹುದು ಎಂದೂ ಅದೇ ಪರಿಚ್ಛೇದದಲ್ಲಿದೆ. ಬಂದವನು ಆಶ್ರಯ ಕೊಟ್ಟ ದೇಶದ ಪರಂಪರೆಯನ್ನು ಕೃತಜ್ಞತೆಯಿಂದ ಗೌರವಿಸಬೇಕು, ಅಲ್ಲಿನ ಕಾನೂನನ್ನು ಪಾಲಿಸಬೇಕು ಎಂಬ ಮಾತೂ ಅಲ್ಲೇ ಇದೆ. ಇವುಗಳಲ್ಲಿ ತಮಗೆ ಬೇಕಾದ ಒಂದು ವಾಕ್ಯವನ್ನಷ್ಟೇ ಕಿತ್ತು ವಾದಿಸುವವರು ಎರಡೂ ಕಡೆ ಇದ್ದಾರೆ.

ಇದು ಇತ್ತೀಚೆಗೆ ಹುಟ್ಟಿದ ಉಪದೇಶವೂ ಅಲ್ಲ. ಎರಡನೇ ಮಹಾಯುದ್ಧ ಮುಗಿದು ಲಕ್ಷಾಂತರ ಜನ ನೆಲೆ ಕಳೆದುಕೊಂಡಿದ್ದಾಗ, 1952ರಲ್ಲಿ, ಪೋಪ್ ಹನ್ನೆರಡನೇ ಪಿಯುಸ್ ವಲಸಿಗರ ಬಗ್ಗೆ ದೊಡ್ಡದೊಂದು ಪ್ರಕಟಣೆ ಹೊರಡಿಸಿದರು. ಈಜಿಪ್ಟಿಗೆ ಓಡಿದ ನಜರೇತಿನ ಪವಿತ್ರ ಕುಟುಂಬವೇ ಎಲ್ಲ ನಿರಾಶ್ರಿತ ಕುಟುಂಬಗಳಿಗೆ ಮಾದರಿ ಎಂದು ಅದು ಆರಂಭವಾಗುತ್ತದೆ. 1963ರಲ್ಲಿ ಪೋಪ್ ಇಪ್ಪತ್ಮೂರನೇ ಜಾನ್, ನ್ಯಾಯವಾದ ಕಾರಣವಿದ್ದರೆ ಬೇರೆ ದೇಶಕ್ಕೆ ಹೋಗಿ ನೆಲೆಸುವುದು ಮನುಷ್ಯನ ಹಕ್ಕು ಎಂದು ಬರೆದರು.

ಬೈಬಲ್‌ನಲ್ಲಿ ಎಲ್ಲಿದೆ?

ಯಾಜಕಕಾಂಡ 19:33-34, ಮತ್ತಾಯ 2:13-15, ಮತ್ತಾಯ 25:35. ಈ ಮೂರನ್ನು ಒಟ್ಟಿಗೆ ಓದಿ. ಮೊದಲನೆಯದರಲ್ಲಿ, ಪರದೇಶಿಯನ್ನು ನಿಮ್ಮಂತೆಯೇ ಪ್ರೀತಿಸಿ ಎನ್ನುವಾಗ ದೇವರು ಕೊಡುವ ಕಾರಣವನ್ನು ಗಮನಿಸಿ: ಈಜಿಪ್ಟಿನಲ್ಲಿ ನೀವೂ ಪರದೇಶಿಗಳಾಗಿದ್ದಿರಿ.

ಗಡೀಪಾರು ಮಾಡುವುದು ಪಾಪವೇ?

ಜಗತ್ತಿನ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮಾನವ ಘನತೆಗೆ ಕಳಂಕ ತರುವ ಕೃತ್ಯಗಳ ಪಟ್ಟಿಯೊಂದನ್ನು ಕೊಟ್ಟಿತು. ಗುಲಾಮಗಿರಿ, ಮಕ್ಕಳ ಮಾರಾಟ, ಅಮಾನುಷ ಬದುಕಿನ ಸ್ಥಿತಿ ಇತ್ಯಾದಿಗಳ ಜೊತೆಗೆ ಗಡೀಪಾರೂ ಅದರಲ್ಲಿದೆ. 1993ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅದೇ ಪಟ್ಟಿಯನ್ನು ಮತ್ತೆ ಉಲ್ಲೇಖಿಸಿದರು. ಇದನ್ನು ಹಿಡಿದು ಗಡೀಪಾರು ಎಲ್ಲ ಸಂದರ್ಭದಲ್ಲೂ ಪಾಪವೇ ಎನ್ನುವವರಿದ್ದಾರೆ. ನನ್ನ ತಿಳುವಳಿಕೆಯಲ್ಲಿ ಅಷ್ಟು ದೂರ ಹೋಗಲಾಗದು. ಗಡಿಯನ್ನು ಕಾಯುವ ಹಕ್ಕು ಸರ್ಕಾರಕ್ಕಿದೆ ಎಂದು ಒಪ್ಪಿದ ಮೇಲೆ, ಕೆಲವರನ್ನು ಹಿಂದಕ್ಕೆ ಕಳುಹಿಸುವ ಅಧಿಕಾರವನ್ನೂ ಒಪ್ಪಬೇಕಾಗುತ್ತದೆ. ಗಂಭೀರ ಅಪರಾಧ ಮಾಡಿದವನನ್ನು ವಿಚಾರಣೆಯ ನಂತರ ಅವನ ದೇಶಕ್ಕೆ ಕಳುಹಿಸುವುದು ಒಂದು ಬಗೆ. ಇಡೀ ಜನಸಮೂಹವನ್ನು ಭಾಷೆ, ಬಣ್ಣ, ಕೆಲಸ ನೋಡಿ ಬಾಚಿ ಹೊರಹಾಕುವುದು ಇನ್ನೊಂದು ಬಗೆ. ಈ ಎರಡನೆಯದನ್ನು ಚರ್ಚಿನ ಇಂದಿನ ಬೋಧನೆ ಒಪ್ಪುವುದಿಲ್ಲ.

ಪ್ರತಿಯೊಬ್ಬನ ಅಹವಾಲನ್ನೂ ಬೇರೆಬೇರೆಯಾಗಿ ಕೇಳಿದರೇ? ತಾಯಿಯನ್ನು ಮಗುವಿನಿಂದ ಅಗಲಿಸಿದರೇ? ಕಳುಹಿಸಿದ ಕಡೆ ಅವನ ಜೀವಕ್ಕೆ ಅಪಾಯವಿದೆಯೇ? ಇಟ್ಟ ಜಾಗದಲ್ಲಿ ನೀರು, ಔಷಧಿ, ವಕೀಲ, ಧರ್ಮಗುರು ಸಿಕ್ಕರೇ? ಉತ್ತರ ಇವುಗಳಲ್ಲಿದೆ.

ಅಮೆರಿಕದ ಬಿಷಪರು ನಿಜವಾಗಿ ಏನು ಹೇಳಿದ್ದಾರೆ?

ವಾಟ್ಸ್‌ಆಪ್‌ನಲ್ಲಿ ಬರುವುದನ್ನು ಬಿಟ್ಟು ಮೂಲ ಮಾತನ್ನು ನೋಡೋಣ. 2003ರಲ್ಲಿ ಅಮೆರಿಕ ಮತ್ತು ಮೆಕ್ಸಿಕೊದ ಬಿಷಪರು ಸೇರಿ ಒಂದು ಪತ್ರ ಬರೆದರು. ಗಡಿಯ ಎರಡೂ ಬದಿಯ ಧರ್ಮಪಾಲಕರು ಒಟ್ಟಿಗೆ ಕೂತು ಬರೆದದ್ದರಿಂದಲೇ ಅದಕ್ಕೆ ಬೆಲೆ. ಮನುಷ್ಯನಿಗೆ ತನ್ನ ಊರಿನಲ್ಲೇ ಬದುಕು ಕಂಡುಕೊಳ್ಳುವ ಹಕ್ಕಿದೆ, ಅದು ಆಗದಿದ್ದರೆ ಕುಟುಂಬವನ್ನು ಸಾಕಲು ವಲಸೆ ಹೋಗುವ ಹಕ್ಕಿದೆ, ದೇಶಗಳಿಗೆ ಗಡಿ ನಿಯಂತ್ರಿಸುವ ಹಕ್ಕಿದೆ, ನಿರಾಶ್ರಿತರಿಗೆ ರಕ್ಷಣೆ ಸಿಗಬೇಕು, ದಾಖಲೆ ಇಲ್ಲದವರ ಘನತೆಯನ್ನೂ ಮಾನವ ಹಕ್ಕುಗಳನ್ನೂ ಗೌರವಿಸಬೇಕು ಎಂಬ ಐದು ತತ್ವಗಳು ಅದರಲ್ಲಿವೆ. ಮೊದಲನೆಯದನ್ನು ಎಲ್ಲರೂ ಮರೆಯುತ್ತಾರೆ. ಊರಿನಲ್ಲೇ ಮರ್ಯಾದೆಯ ಕೆಲಸವಿದ್ದಿದ್ದರೆ, ಅಡಿಕೆಗೆ ಕೊಳೆರೋಗ ಬಂದ ವರ್ಷವೇ ಪಾಸ್‌ಪೋರ್ಟ್ ಮಾಡಿಸಲು ಓಡುವ ಹುಡುಗರು ನಮ್ಮಲ್ಲಿ ಇಷ್ಟೊಂದು ಇರುತ್ತಿರಲಿಲ್ಲ.

2025ರ ಜನವರಿಯಲ್ಲಿ ಅಲ್ಲಿನ ಹೊಸ ಸರ್ಕಾರವು ಚರ್ಚು, ಶಾಲೆ, ಆಸ್ಪತ್ರೆಗಳಲ್ಲಿ ಬಂಧನ ನಡೆಸುವುದರ ಮೇಲಿದ್ದ ಹಳೆಯ ನಿರ್ಬಂಧವನ್ನು ತೆಗೆದುಹಾಕಿತು. ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊ ಧರ್ಮಪ್ರಾಂತ್ಯದ ಬಿಷಪ್ ಆಲ್ಬರ್ಟೊ ರೋಹಾಸ್, ಬಂಧನದ ಭಯವಿರುವವರು ಭಾನುವಾರದ ಪೂಜೆಗೆ ಬಾರದಿದ್ದರೂ ತಪ್ಪಿಲ್ಲ ಎಂದು ವಿನಾಯಿತಿ ಕೊಟ್ಟರು. ಭಾನುವಾರದ ಪೂಜೆ ತಪ್ಪಿಸಬಾರದೆಂದು ಅಜ್ಜಿಯಿಂದ ಬೈಸಿಕೊಂಡು ಬೆಳೆದ ನಮಗೆ ಇದರ ಭಾರ ಗೊತ್ತು. ಪರಮಪ್ರಸಾದ ಸ್ವೀಕರಿಸಲು ಹೊರಟವನು ಸಂಜೆ ಮನೆಗೆ ಮರಳುತ್ತಾನೋ ಇಲ್ಲವೋ ಎಂಬ ಸ್ಥಿತಿ ಬಂದಾಗ ಒಬ್ಬ ಬಿಷಪ್ ಅಂಥ ಆದೇಶಕ್ಕೆ ಸಹಿ ಹಾಕುತ್ತಾರೆ.

ಅದೇ ವರ್ಷ ನವೆಂಬರ್ 12ರಂದು ಬಾಲ್ಟಿಮೋರಿನಲ್ಲಿ ಸೇರಿದ್ದ ಬಿಷಪರು ವಿಶೇಷ ಸಂದೇಶವೊಂದನ್ನು ಅಂಗೀಕರಿಸಿದರು. ಪರವಾಗಿ 216 ಮತ, ವಿರುದ್ಧ 5, ತಟಸ್ಥ 3. ವಿವೇಚನೆಯಿಲ್ಲದ ಸಾಮೂಹಿಕ ಗಡೀಪಾರನ್ನು ತಾವು ವಿರೋಧಿಸುತ್ತೇವೆ ಎಂದರು. ಗಡಿ ನಿಯಂತ್ರಿಸುವ ಹೊಣೆ ದೇಶಗಳಿಗಿದೆ ಎಂಬುದನ್ನೂ, ವಲಸಿಗರ ಮೇಲಾಗಲಿ ಪೊಲೀಸರ ಮೇಲಾಗಲಿ ಹಿಂಸೆ ನಿಲ್ಲಬೇಕು ಎಂಬುದನ್ನೂ ಅದರಲ್ಲೇ ಬರೆದರು. ಬೇರೆ ಹಲವು ವಿಷಯಗಳಲ್ಲಿ ತೀವ್ರ ಭಿನ್ನಾಭಿಪ್ರಾಯವಿರುವ ಬಿಷಪರ ಕೂಟವದು. ಅಲ್ಲಿ ಐದೇ ಮಂದಿ ವಿರೋಧಿಸಿದರು ಎಂದ ಮೇಲೆ ಇದನ್ನು ಒಂದು ಪಕ್ಷದ ರಾಜಕೀಯ ಎನ್ನುವುದು ನ್ಯಾಯವಲ್ಲ.

'ಮೊದಲು ನಮ್ಮವರು, ಆಮೇಲೆ ಹೊರಗಿನವರು' ಎನ್ನುವುದೂ ಕ್ರೈಸ್ತ ತತ್ವವೇ ಅಲ್ಲವೇ?

2025ರ ಆರಂಭದಲ್ಲಿ ಅಮೆರಿಕದ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಮುಂದಿಟ್ಟದ್ದು ಇದೇ ವಾದ. ಅವರೂ ಕಥೋಲಿಕರೇ. ಪ್ರೀತಿಗೆ ಒಂದು ಕ್ರಮವಿದೆ. ಮನೆಯವರು, ನೆರೆಯವರು, ಊರು, ದೇಶ, ಕೊನೆಗೆ ಜಗತ್ತು ಎಂದರು. ಇದು ಗಾಳಿಯಲ್ಲಿ ಹುಟ್ಟಿದ ಮಾತಲ್ಲ. ಸಂತ ಅಗಸ್ಟಿನ್, ಸಂತ ಥಾಮಸ್ ಅಕ್ವಿನಾಸ್ ಈ ಕ್ರಮದ ಬಗ್ಗೆ ಬರೆದಿದ್ದಾರೆ. ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆಯಿಲ್ಲದವನಿಗಿಂತ ಕಡೆ ಎಂದು ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲೂ ಇದೆ.

ಫೆಬ್ರವರಿ 10ರಂದು ಪೋಪ್ ಫ್ರಾನ್ಸಿಸ್ ಅಮೆರಿಕದ ಬಿಷಪರಿಗೆ ಪತ್ರ ಬರೆದರು. ಪ್ರೀತಿಯ ನಿಜವಾದ ಕ್ರಮ ತಿಳಿಯಬೇಕಾದರೆ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಆರೈಕೆ ಮಾಡಿದ ಸಮಾರಿಯದವನ ದೃಷ್ಟಾಂತವನ್ನು ಧ್ಯಾನಿಸಿ ಎಂಬುದು ಅವರ ಉತ್ತರ. ಆ ದೃಷ್ಟಾಂತದಲ್ಲಿ ಗಾಯಗೊಂಡವನು ಸಮಾರಿಯದವನ ಬಂಧುವಲ್ಲ, ಊರಿನವನಲ್ಲ, ಜನಾಂಗದವನೂ ಅಲ್ಲ. ಆ ಹೊತ್ತಿಗೆ ದಾರಿಯಲ್ಲಿ ಸಿಕ್ಕವನು, ಅಷ್ಟೇ. ಮನೆಯ ಮಕ್ಕಳಿಗೆ ಊಟ ಹಾಕಬೇಕಾದದ್ದು ನಿಜ. ಅದೇ ಕಾರಣ ಕೊಟ್ಟು ಬಾಗಿಲಲ್ಲಿ ಬಿದ್ದವನನ್ನು ದಾಟಿ ಹೋಗಲು ಅಕ್ವಿನಾಸರೂ ಅನುಮತಿ ಕೊಡುವುದಿಲ್ಲ. ಕಡುಕಷ್ಟದಲ್ಲಿರುವ ಅಪರಿಚಿತನ ಅಗತ್ಯ ಬಂಧುವಿನ ಸಾಮಾನ್ಯ ಅಗತ್ಯಕ್ಕಿಂತ ಮುಂದೆ ಬರಬಹುದು ಎಂಬುದು ಅವರದೇ ಉಪದೇಶ.

ಹೊಸ ಪೋಪ್ ಸ್ವತಃ ಅಮೆರಿಕದವರು. ಅವರ ನಿಲುವು ಬೇರೆಯೇ?

ಧಾಟಿ ಬೇರೆ, ನಿಲುವು ಅದೇ. ಯಾರು, ಯಾವಾಗ, ಹೇಗೆ ಒಳಗೆ ಬರಬೇಕೆಂದು ತೀರ್ಮಾನಿಸುವ ಹಕ್ಕು ಪ್ರತಿ ದೇಶಕ್ಕೂ ಇದೆ ಎಂದು ಹದಿನಾಲ್ಕನೇ ಲಿಯೊ 2025ರ ನವೆಂಬರಿನಲ್ಲಿ ಪತ್ರಕರ್ತರಿಗೆ ಹೇಳಿದರು. ಹತ್ತು, ಹದಿನೈದು, ಇಪ್ಪತ್ತು ವರ್ಷಗಳಿಂದ ಒಳ್ಳೆಯ ರೀತಿಯಲ್ಲಿ ಬಾಳುತ್ತಿರುವವರನ್ನು ಅತ್ಯಂತ ಅಗೌರವದಿಂದ ನಡೆಸಿಕೊಳ್ಳುತ್ತಿರುವುದು ಸರಿಯಲ್ಲ ಎಂದೂ ಹೇಳಿದರು, ಬಿಷಪರ ಸಂದೇಶಕ್ಕೆ ಕಿವಿಗೊಡಿ ಎಂದರು.

ಕಾನೂನು ಮುರಿದವನಿಗೆ ಘನತೆಯ ಮಾತೇಕೆ? ತಪ್ಪು ಮಾಡಿದ್ದಾನೆ, ಅನುಭವಿಸಲಿ.

ಈ ಪ್ರಶ್ನೆ ಕೇಳುವವರ ಮನೆಯಲ್ಲೇ ಒಮ್ಮೊಮ್ಮೆ ಉತ್ತರವಿರುತ್ತದೆ. ಗಲ್ಫಿನಲ್ಲಿ 'ಕಲ್ಲಿವಲ್ಲಿ'ಯಾಗಿ, ಅಂದರೆ ದಾಖಲೆಯಿಲ್ಲದೆ, ದುಡಿದವರು ನಮ್ಮಲ್ಲಿ ಕಡಿಮೆಯೇ? ಎಲ್ಲರೂ ಮೋಸ ಮಾಡಲು ಹೋದವರಲ್ಲ. ಏಜೆಂಟ್ ಹೇಳಿದ ಕೆಲಸ ಒಂದು, ಸಿಕ್ಕಿದ್ದು ಇನ್ನೊಂದು. ಪಾಸ್‌ಪೋರ್ಟ್ ಕಫೀಲನ (ವೀಸಾ ಕೊಟ್ಟ ಯಜಮಾನನ) ಕೈಯಲ್ಲಿ, ಸಂಬಳ ಬಾಕಿ. ತಾಳಲಾರದೆ ಬೇರೆ ಕಡೆ ಕೆಲಸಕ್ಕೆ ಸೇರಿದರೆ ಸೌದಿಯಲ್ಲಿ 'ಹುರೂಬ್' ದೂರು ಬೀಳುತ್ತದೆ, ಅಂದರೆ ಓಡಿಹೋದವನೆಂಬ ದಾಖಲೆ. ಅಲ್ಲಿಂದ ಮುಂದೆ ಇಕಾಮಾ (ವಾಸದ ಪರವಾನಗಿ) ನವೀಕರಣವಿಲ್ಲ, ಕಾಯಿಲೆ ಬಿದ್ದರೆ ಆಸ್ಪತ್ರೆಗೆ ಹೋಗಲು ಹೆದರಿಕೆ, ಊರಲ್ಲಿ ಅಪ್ಪ ತೀರಿಕೊಂಡರೂ ಬರಲಾಗದು. 2013ರಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಸೌದಿಯ ನಿತಾಖತ್ ಕಾನೂನು ಬಿಗಿಯಾದಾಗ, 2018ರಲ್ಲೂ 2024ರಲ್ಲೂ ಯುಎಇ ಕ್ಷಮಾದಾನ ಘೋಷಿಸಿದಾಗ, ಔಟ್‌ಪಾಸ್ (ಊರಿಗೆ ಮರಳಲು ಕೊಡುವ ತಾತ್ಕಾಲಿಕ ಪ್ರಯಾಣಪತ್ರ) ಹಿಡಿದು ಬಂದವರನ್ನು ನಮ್ಮ ಜಿಲ್ಲೆ ಕಂಡಿದೆ. ವಿಮಾನ ನಿಲ್ದಾಣದಲ್ಲಿ ಅವರನ್ನು ಗುರುತಿಸುವುದು ಸುಲಭ. ಉಳಿದವರು ಟ್ರಾಲಿ ತುಂಬ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳನ್ನು ತಳ್ಳಿಕೊಂಡು ಬರುವಾಗ, ಇವರು ಬರಿಗೈಯಲ್ಲಿ, ಒಂದು ಪ್ಲಾಸ್ಟಿಕ್ ಚೀಲದೊಂದಿಗೆ ಬದಿಯಿಂದ ಹೊರಬರುತ್ತಾರೆ.

ಆ ಹುಡುಗನನ್ನು ಅಲ್ಲಿನ ಪೊಲೀಸರು ಹೊಡೆಯಬಾರದಿತ್ತು, ಬಾಕಿ ಸಂಬಳ ಕೊಡಿಸಿಯೇ ಕಳುಹಿಸಬೇಕಿತ್ತು ಎಂದು ನಾವು ಬಯಸುತ್ತೇವೆ. ವೀಸಾ ಮುಗಿದಿತ್ತು ಎಂಬ ಮಾತ್ರಕ್ಕೆ ಅವನ ಮೇಲೆ ಏನು ಬೇಕಾದರೂ ಮಾಡಬಹುದು ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಆ ಅಳತೆಯನ್ನೇ ಉಳಿದವರಿಗೂ ಹಿಡಿಯಿರಿ ಎನ್ನುತ್ತದೆ ಚರ್ಚ್. ಮನುಷ್ಯನ ಘನತೆ ಅವನು ದೇವರ ಪ್ರತಿರೂಪವಾಗಿ ಹುಟ್ಟಿದ್ದರಿಂದ ಬಂದದ್ದು, ವೀಸಾ ಕಚೇರಿ ಕೊಟ್ಟದ್ದಲ್ಲ. ತಪ್ಪಿಗೆ ದಂಡವಿರಲಿ, ಅದು ತಪ್ಪಿಗೆ ತಕ್ಕಷ್ಟೇ ಇರಲಿ.

ನಮ್ಮೂರಿನ ಕೋರೆ, ತೋಟಗಳಲ್ಲಿರುವ ಬಂಗಾಳಿಗಳು ನಿಜವಾಗಿ ಬಾಂಗ್ಲಾದೇಶದವರು ಎನ್ನುತ್ತಾರಲ್ಲ?

ಯಾರು ಎನ್ನುತ್ತಾರೆ, ಯಾವ ಆಧಾರದ ಮೇಲೆ? ಬಂಗಾಳಿ ಭಾಷೆಯನ್ನು ಗಡಿಯ ಎರಡೂ ಬದಿಯಲ್ಲಿ ಮಾತನಾಡುತ್ತಾರೆ, ನಾವು ತುಳು, ಕೊಂಕಣಿ, ಕನ್ನಡವನ್ನು ತಲಪಾಡಿಯ ಎರಡೂ ಬದಿಯಲ್ಲಿ ಮಾತನಾಡುವಂತೆಯೇ.

ಮುರಕಲ್ಲಿನ ಕೋರೆಯ ಬದಿಯಲ್ಲಿ ಕಾರ್ಮಿಕರ ಶೀಟಿನ ಶೆಡ್ಡುಗಳಿರುತ್ತವೆ. ಒಳಗೆ ಹೋದರೆ ಸಾಲಾಗಿ ಚಾಪೆ, ಮೂಲೆಯಲ್ಲಿ ಗ್ಯಾಸ್ ಒಲೆ, ಕೆಂಪು ಧೂಳು ಮೆತ್ತಿದ ಅಂಗಿಗಳು. ಗಳುವಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್ ಕಾರ್ಡಿನ ಜೆರಾಕ್ಸ್, ಮಡಿಕೆಯಲ್ಲಿ ಹರಿದು ಅಂಟು ಹಚ್ಚಿದ್ದು. 2025ರ ಕೊನೆಗೆ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ಪಶ್ಚಿಮ ಬಂಗಾಳದಲ್ಲೂ ಕೇರಳದಲ್ಲೂ ಒಟ್ಟಿಗೆ ನಡೆಯಿತು. 2002ರ ಪಟ್ಟಿಯಲ್ಲಿ ಅಪ್ಪನ ಹೆಸರು ಹುಡುಕಲು ನಾವು ಒದ್ದಾಡಿದೆವು, ಅವರೂ ಒದ್ದಾಡಿದರು. ನಮ್ಮದು ಸಿಗದಿದ್ದರೆ ತಾಪತ್ರಯ ಎಂದುಕೊಂಡೆವು. ಅವರದು ಸಿಗದಿದ್ದರೆ ತಾನು ಈ ದೇಶದವನೇ ಅಲ್ಲವೆಂದು ಎಳೆದೊಯ್ದಾರು ಎಂಬ ಭಯ ಅವರಿಗಿತ್ತು.

ಆ ಭಯ ಸುಳ್ಳಲ್ಲ. 2025ರ ಜೂನಿನಲ್ಲಿ ಬೀರ್‌ಭೂಮ್ ಜಿಲ್ಲೆಯ ಗರ್ಭಿಣಿಯೊಬ್ಬರನ್ನು ದೆಹಲಿಯಲ್ಲಿ ಹಿಡಿದು ಕುಟುಂಬಸಮೇತ ಬಾಂಗ್ಲಾದೇಶಕ್ಕೆ ದಾಟಿಸಿದರು. ಅವರು ಅಲ್ಲಿನ ಜೈಲು ಸೇರಬೇಕಾಯಿತು. ಸೆಪ್ಟೆಂಬರಿನಲ್ಲಿ ಕಲ್ಕತ್ತಾ ಹೈಕೋರ್ಟ್ ಆ ಗಡೀಪಾರನ್ನು ರದ್ದುಮಾಡಿ ವಾಪಸು ಕರೆತರಲು ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಅವರು ಮಗನೊಂದಿಗೆ ಊರು ಸೇರಿದ್ದು ಡಿಸೆಂಬರಿನಲ್ಲಿ. ಆತುರದ ಜಾರಿ ಎಂದರೆ ಇದು. ವಿಚಾರಣೆ ಮೊದಲು, ಕ್ರಮ ಆಮೇಲೆ ಎಂದು ಚರ್ಚ್ ಹಟ ಹಿಡಿಯುವುದು ಇಂಥದ್ದಕ್ಕೇ.

ಒಬ್ಬ ನಿಜವಾಗಿಯೂ ವಿದೇಶಿ, ದಾಖಲೆಯೂ ಇಲ್ಲ. ಆಗ?

ಆಗ ಕಾನೂನು ತನ್ನ ಕೆಲಸ ಮಾಡುತ್ತದೆ. 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಜಾರಿಯಲ್ಲಿದೆ. ದಾಖಲೆಯಿಲ್ಲದೆ ಒಳಗೆ ಬಂದರೆ ಐದು ವರ್ಷದವರೆಗೆ ಜೈಲು ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ತಾನು ವಿದೇಶಿ ಅಲ್ಲವೆಂದು ರುಜುವಾತು ಮಾಡುವ ಹೊಣೆ ಆ ವ್ಯಕ್ತಿಯ ಮೇಲೆಯೇ ಇದೆ. ಬಡವನಿಗೆ ಇದು ಎಷ್ಟು ಕಷ್ಟವೆಂದು ಬಿಡಿಸಿ ಹೇಳಬೇಕಿಲ್ಲ. ಆದರೂ ಸಂವಿಧಾನದ 14 ಮತ್ತು 21ನೇ ವಿಧಿಗಳ ರಕ್ಷಣೆ ಪೌರರಿಗೆ ಮಾತ್ರವಲ್ಲ, ಈ ನೆಲದ ಮೇಲಿರುವ ಪ್ರತಿ ವ್ಯಕ್ತಿಗೂ ಇದೆ. 1996ರಲ್ಲಿ ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಈ ವಿಷಯದಲ್ಲಿ ನಮ್ಮ ಸಂವಿಧಾನಕ್ಕೂ ಚರ್ಚಿನ ಬೋಧನೆಗೂ ಜಗಳವೇ ಇಲ್ಲ.

ಅವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲವಲ್ಲ?

ಅಲ್ಲ. ಸಮಾರಿಯದವನೂ ಗಾಯಾಳುವಿನ ಧರ್ಮ ಕೇಳಲಿಲ್ಲ. 2017ರ ಡಿಸೆಂಬರ್ 1ರಂದು ಢಾಕಾದಲ್ಲಿ ರೋಹಿಂಗ್ಯಾ ಮುಸ್ಲಿಮರ ಕೈಹಿಡಿದು ಪೋಪ್ ಫ್ರಾನ್ಸಿಸ್ ಕ್ಷಮೆ ಬೇಡಿದರು. ಅವರನ್ನು ಮತಾಂತರಿಸಲು ಹೋಗಿರಲಿಲ್ಲ.

ಪೊಲೀಸ್ ಅಥವಾ ವಲಸೆ ಇಲಾಖೆಯಲ್ಲಿ ಕೆಲಸ ಮಾಡುವ ಕಥೋಲಿಕರು ಏನು ಮಾಡಬೇಕು?

ಕೆಲಸ ಬಿಡಬೇಕೆಂದು ಚರ್ಚ್ ಹೇಳುವುದಿಲ್ಲ. ಅಂಥ ಹುದ್ದೆಯಲ್ಲಿ ಮನಸ್ಸಾಕ್ಷಿ ಇರುವವರು ಇರುವುದೇ ಒಳ್ಳೆಯದು. ನಿಯಮದ ಪ್ರಕಾರ ಬಂಧಿಸುವುದು ಕರ್ತವ್ಯ. ಬಂಧಿತನಿಗೆ ಮನೆಗೆ ಫೋನ್ ಮಾಡಲು ಬಿಡುವುದು, ಅವನ ಭಾಷೆ ಬಲ್ಲವರನ್ನು ಕರೆಸುವುದು, ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದು ಅದೇ ಕರ್ತವ್ಯದ ಭಾಗ. ಹೊಡೆಯಲು, ಸುಳ್ಳು ದಾಖಲೆ ಬರೆಯಲು ಆದೇಶ ಬಂದರೆ ಪಾಲಿಸಬಾರದು. ಮೇಲಿನವರು ಹೇಳಿದರು ಎಂಬುದು ಪಾಪನಿವೇದನೆಯ ಪೀಠದಲ್ಲಿ ಸಮಜಾಯಿಷಿಯಾಗುವುದಿಲ್ಲ.

ಹೊರಗಿನವರು ಬಂದು ನಮ್ಮವರ ಕೆಲಸ ಕಿತ್ತುಕೊಳ್ಳುತ್ತಿಲ್ಲವೇ?

ಕೂಲಿ ಕುಸಿಯುತ್ತದೆ ಎಂಬ ಸ್ಥಳೀಯ ಕೂಲಿಕಾರನ ಆತಂಕವನ್ನು ತಳ್ಳಿಹಾಕಬಾರದು. ಆದರೆ ಕೂಲಿ ಕುಸಿಯುವುದು ಹೊರಗಿನವನಿಗೆ ಕಡಿಮೆ ಕೊಟ್ಟು ದುಡಿಸಿಕೊಳ್ಳುವವರಿಂದ. ಆ ದುಡಿಸಿಕೊಳ್ಳುವವರಲ್ಲಿ ನಮ್ಮ ತೋಟದ ಯಜಮಾನರೂ, ಚರ್ಚಿನ ಮುಂದಿನ ಬೆಂಚಿನಲ್ಲಿ ಕೂರುವವರೂ ಇದ್ದಾರೆ. ಒಂದೇ ಕೆಲಸಕ್ಕೆ ಒಂದೇ ಕೂಲಿ ಕೊಟ್ಟರೆ ಈ ಜಗಳದ ಅರ್ಧ ಭಾಗ ಅಲ್ಲಿಗೇ ನಿಲ್ಲುತ್ತದೆ. ಕೂಲಿಯವನ ಸಂಬಳ ತಡೆಹಿಡಿಯುವುದು ಆಕಾಶಕ್ಕೆ ಮೊರೆಯಿಡುವ ಪಾಪಗಳಲ್ಲಿ ಒಂದೆಂದು ಧರ್ಮೋಪದೇಶದ ತರಗತಿಯಲ್ಲಿ ಕಲಿತವರು ನಾವು.

ಈ ಜಿಲ್ಲೆಯ ಮಲೆಭಾಗವನ್ನು ನೋಡಿ. 1943ರಲ್ಲಿ ತಿರುವಾಂಕೂರಿನ ಕಡೆಯಿಂದ ಕ್ನಾನಾಯ ಎಂಬ ಸಿರಿಯನ್ ಕ್ರೈಸ್ತ ಪಂಗಡದ ಕಥೋಲಿಕ ಕುಟುಂಬಗಳು ರಾಜಪುರಂಗೆ ಬಂದು ಕಾಡು ಕಡಿದು ನೆಲೆಸಿದವು. ಮಲಬಾರಿಗೆ ಬಂದ ಇಂಥ ವಲಸಿಗರಿಗೆಂದೇ 1953ರಲ್ಲಿ ತಲಶ್ಶೇರಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ನಮ್ಮ ಕೊಂಕಣಿ ಕಥೋಲಿಕರ ಪೂರ್ವಜರೂ ಗೋವಾದಿಂದ ದಕ್ಷಿಣಕ್ಕೆ ನಡೆದು ಬಂದವರೇ.

ನಮ್ಮ ಚರ್ಚ್ ಏನು ಮಾಡಬಹುದು?

ದೊಡ್ಡ ಯೋಜನೆ ಬೇಕಿಲ್ಲ. ಒಡಿಶಾ, ಜಾರ್ಖಂಡಿನ ಕಾರ್ಮಿಕರಲ್ಲಿ ಕಥೋಲಿಕರೂ ಇದ್ದಾರೆ. ಅವರಿಗೆ ಹಿಂದಿಯಲ್ಲಿ ಒಂದು ಪೂಜೆ, ಪಾಪನಿವೇದನೆಗೆ ಹಿಂದಿ ಬಲ್ಲ ಧರ್ಮಗುರುವೊಬ್ಬರು ಸಿಗುವಂತಾಗಲಿ. ಮನೆಗಳ ಪಟ್ಟಿ ಮಾಡುವಾಗ ಗುರ್ಕಾರರು (ವಾಳೆಯ ಮುಖ್ಯಸ್ಥರು) ತಮ್ಮ ವಾಳೆಯ ಬಾಡಿಗೆ ಶೆಡ್ಡುಗಳಿಗೂ ಹೋಗಲಿ. ಕಾಯಿಲೆ ಬಿದ್ದವನೊಂದಿಗೆ ಆಸ್ಪತ್ರೆಗೆ ಹೋಗಲು ಬಡವರ ನೆರವಿಗಿರುವ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಒಬ್ಬರಿರಲಿ. ಪೊಲೀಸರು ಯಾರನ್ನಾದರೂ ಕರೆದೊಯ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಿ, ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ಸೆಪ್ಟೆಂಬರಿನ ಕೊನೆಯ ಭಾನುವಾರ ವಲಸಿಗರ ಮತ್ತು ನಿರಾಶ್ರಿತರ ವಿಶ್ವ ದಿನ. ಮೊಂತಿ ಫೆಸ್ತಿನ (ಮರಿಯಮ್ಮನವರ ಜನ್ಮದಿನದ ಹಬ್ಬದ) ಸಡಗರ ಮುಗಿದ ಮೇಲೆ ಬರುವ ಆ ದಿನ ನಮ್ಮಲ್ಲಿ ಹೆಚ್ಚಾಗಿ ಸದ್ದಿಲ್ಲದೆ ಕಳೆದುಹೋಗುತ್ತದೆ. ಆ ಭಾನುವಾರ ಕೋರೆಯ ಕಾರ್ಮಿಕರನ್ನು ಊಟಕ್ಕೆ ಕರೆಯಿರಿ.

ಮಗ ಗಲ್ಫಿಗೆ ಹೊರಟಿದ್ದಾನೆ. ಅವನು ದಾಖಲೆಯಿಲ್ಲದವನಾಗದಂತೆ ಏನು ಎಚ್ಚರ ವಹಿಸಬೇಕು?

ಏಜೆಂಟನ ನೋಂದಣಿಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರೀಕ್ಷಿಸಿ. ನಿಯಮದಂತೆ ಅವನು ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಮಾತ್ರ. ಲಕ್ಷಗಟ್ಟಲೆ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಪ್ರವಾಸಿ ವೀಸಾದಲ್ಲಿ ಹೋಗಿ ಆಮೇಲೆ ಬದಲಾಯಿಸಿಕೊಳ್ಳಬಹುದು ಎಂಬ ಮಾತನ್ನು ನಂಬಬೇಡಿ, ಕಲ್ಲಿವಲ್ಲಿಯ ದಾರಿ ಬಹಳ ಬಾರಿ ಅಲ್ಲಿಂದಲೇ ಶುರುವಾಗುತ್ತದೆ. ಎಮಿಗ್ರೇಶನ್ ಕ್ಲಿಯರೆನ್ಸ್ (ವಿದೇಶದ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ) ಬೇಕಾದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ, ಅಪಘಾತದಲ್ಲಿ ಸಾವು ಸಂಭವಿಸಿದರೆ ಹತ್ತು ಲಕ್ಷ ರೂಪಾಯಿ ಸಿಗುತ್ತದೆ. ಪಾಸ್‌ಪೋರ್ಟ್, ವೀಸಾ, ಒಪ್ಪಂದಪತ್ರದ ಪ್ರತಿಗಳು ಮನೆಯಲ್ಲಿರಲಿ. ಸಂಬಳ ನಿಂತರೆ, ಪಾಸ್‌ಪೋರ್ಟ್ ಕಿತ್ತುಕೊಂಡರೆ, ಇಕಾಮಾ ಅವಧಿ ಮುಗಿಯುವ ಮೊದಲೇ ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ಕೊಡಿ. ಅದನ್ನು ಊರಿನಿಂದ ತಂದೆತಾಯಿಯೇ ಕೊಡಬಹುದು.

ದುಬೈಯಲ್ಲಿ ಸೇಂಟ್ ಮೇರೀಸ್ ಚರ್ಚ್, ಅಬುಧಾಬಿಯಲ್ಲಿ ಸೇಂಟ್ ಜೋಸೆಫ್ ಕೆಥೆಡ್ರಲ್ ಇವೆ. ಅಲ್ಲಿಗೆ ತಲುಪಿದ ಮೊದಲ ವಾರವೇ ಪರಿಚಯ ಮಾಡಿಕೊಳ್ಳಲು ಹೇಳಿ, ಕಷ್ಟಕಾಲದಲ್ಲಿ ಮೊದಲು ಒದಗುವವರು ಅಲ್ಲಿನ ನಮ್ಮವರೇ. ಸೌದಿಯಲ್ಲಿ ಚರ್ಚುಗಳಿಲ್ಲ. ಅಲ್ಲಿಗೆ ಹೋಗುವವನು ರಿಯಾದಿನ ರಾಯಭಾರ ಕಚೇರಿ ಮತ್ತು ಜೆದ್ದಾದ ದೂತಾವಾಸದ ವಿಳಾಸ, ದೂರವಾಣಿ ಸಂಖ್ಯೆಗಳನ್ನು ಮೊಬೈಲಿನಲ್ಲಿ ಮಾತ್ರವಲ್ಲ, ಕಾಗದದಲ್ಲೂ ಬರೆದು ಇಟ್ಟುಕೊಳ್ಳಲಿ.